ಒಂದು ಗ್ಯಾಲನ್ ನೀರಿನ ಯುದ್ಧ

ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕೂವರೆ ಲೀಟರ್ ನೀರು. 1941-42ರಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯಲ್ಲಿ ಬ್ರಿಟಿಷರ ಕಡೆಯಿಂದ ಕಾದಾಡುತ್ತಿದ್ದ ಸಿಪಾಯಿಗೆ ಒಳ್ಳೆಯ ದಿನಗಳಲ್ಲಿ ಸಿಗುತ್ತಿದ್ದ ಪಾಲು ಅಷ್ಟೇ. ಕುಡಿಯುವುದು, ಅಡುಗೆ, ಚಹಾ, ಕ್ಷೌರ, ಬಟ್ಟೆ, ಕೊನೆಗೆ ಲಾರಿಯ ರೇಡಿಯೇಟರ್ ಕೂಡ ಅದರಲ್ಲೇ ಆಗಬೇಕು. ಮುಂಚೂಣಿಗೆ ನೀರಿನ ಲಾರಿ ಬರುವುದು ತಡವಾದರೆ ಪಾಲು ಅರ್ಧಕ್ಕೆ ಇಳಿಯುತ್ತಿತ್ತು, ಕೆಲವೊಮ್ಮೆ ಸೊಂಟಕ್ಕೆ ಕಟ್ಟಿದ ಬಾಟಲಿಯಲ್ಲಿ ಉಳಿದಷ್ಟೇ ಗತಿ. ಹಾಗಾಗಿ ಒಂದೇ ನೀರನ್ನು ಮೂರು ಸಲ ಬಳಸುವುದನ್ನು ಎಲ್ಲರೂ ಕಲಿತರು. ಮುಖ ತೊಳೆದ ನೀರಿನಲ್ಲಿ ಕಾಲುಚೀಲ ಅದ್ದಿ ಹಿಂಡುವುದು, ಉಳಿದ ಕೊಳೆಯನ್ನು ಬಟ್ಟೆಯಲ್ಲಿ ಸೋಸಿ ಎಂಜಿನ್ನಿಗೆ ಸುರಿಯುವುದು. ಮಗ್ಗಿನ ತಳದಲ್ಲಿ ಉಳಿದ ಚಹಾದಲ್ಲೇ ಗಡ್ಡ ಹೆರೆದುಕೊಂಡವರು ಎಷ್ಟೋ ಮಂದಿ.

ಉತ್ತರ ಆಫ್ರಿಕಾದ ಈ ಯುದ್ಧ 1940ರ ಜೂನ್‌ನಲ್ಲಿ ಇಟಲಿ ಯುದ್ಧ ಸಾರಿದಾಗ ಶುರುವಾಗಿ 1943ರ ಮೇ ತಿಂಗಳಲ್ಲಿ ಟ್ಯುನೀಷಿಯಾದಲ್ಲಿ ಮುಗಿಯಿತು. ಲಿಬಿಯಾ ಆಗ ಇಟಲಿಯ ವಸಾಹತು. ಪಕ್ಕದ ಈಜಿಪ್ಟ್‌ನಲ್ಲಿ ಬ್ರಿಟಿಷರ ಸೇನೆ, ಸೂಯೆಜ್ ಕಾಲುವೆ. ಮೂರು ವರ್ಷಗಳ ಕಾಲ ಎರಡೂ ಕಡೆಯವರು ಮೆಡಿಟರೇನಿಯನ್ ಕರಾವಳಿಯ ಒಂದೇ ರಸ್ತೆಗುಂಟ ಸಾವಿರಾರು ಕಿಲೋಮೀಟರ್ ಹಿಂದೆ ಮುಂದೆ ಓಡಾಡಿದರು. ಆ ಕಥೆಯನ್ನು ಜರ್ಮನಿಯ ರೊಮೆಲ್ ಮತ್ತು ಬ್ರಿಟನ್ನಿನ ಮಾಂಟ್ಗೊಮರಿ ನಡುವಿನ ಜಟ್ಟಿಕಾಳಗದಂತೆ ಹೇಳುವ ಪುಸ್ತಕಗಳು, ಸಿನಿಮಾಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಾಣದೆ ಹೋದವರ ಸಾಲಿನಲ್ಲಿ ಮೊದಲಿಗರು ಭಾರತದ ಸಿಪಾಯಿಗಳು. 1940ರ ಡಿಸೆಂಬರ್ 9ರಂದು ಸಿದಿ ಬರ್‍ರಾನಿಯ ಬಳಿ ಇಟಲಿಯ ಶಿಬಿರಗಳ ಮೇಲೆ ನಡೆದ ಮೊದಲ ದೊಡ್ಡ ದಾಳಿಯಲ್ಲಿ ಇದ್ದದ್ದು 4ನೇ ಭಾರತೀಯ ಡಿವಿಷನ್. ಯುದ್ಧದ ಕೊನೆಯ ದಿನ ಟ್ಯುನೀಷಿಯಾದಲ್ಲಿ ಇದ್ದದ್ದೂ ಅದೇ.

ಮರುಭೂಮಿ ಎಂದರೆ ಕಣ್ಣ ಮುಂದೆ ಬರುವುದು ಮರಳಿನ ದಿಬ್ಬಗಳ ಸಾಲು. ಯುದ್ಧ ನಡೆದ ನೆಲ ಬಹುಪಾಲು ಹಾಗಿರಲಿಲ್ಲ. ಅದು ಸುಣ್ಣಕಲ್ಲಿನ ಬಯಲು. ಮೇಲೊಂದು ತೆಳ್ಳನೆಯ ಧೂಳಿನ ಪದರ, ಅಲ್ಲಲ್ಲಿ ಮೊಣಕಾಲೆತ್ತರದ ಮುಳ್ಳುಗಿಡ, ಕೆಳಗೆ ಗುದ್ದಲಿ ತಾಗಿದರೆ ಕಿಡಿ ಹಾರುವ ಬಂಡೆ. ಸಿಪಾಯಿಯ ಬದುಕಿನಲ್ಲಿ ಇದು ದೊಡ್ಡ ಸಂಗತಿ. ಯಾವುದೇ ಜಾಗಕ್ಕೆ ಬಂದಿಳಿದ ತಕ್ಷಣ ಅವನು ಮಾಡಬೇಕಾದ ಮೊದಲ ಕೆಲಸ ತನ್ನ ಮೈ ಹಿಡಿಸುವಷ್ಟು ಗುಂಡಿ ತೋಡುವುದು. ಮೆತ್ತನೆಯ ನೆಲವಾದರೆ ಅರ್ಧ ಗಂಟೆಯ ಕೆಲಸ. ಈಜಿಪ್ಟಿನ ಅಲಾಮೇನ್ ಹತ್ತಿರದ ರುವೈಸಾತ್ ದಿಣ್ಣೆಯಂಥ ಕಡೆ ರಾತ್ರಿಯಿಡೀ ಕುಟ್ಟಿದರೂ ಒಂದಡಿ ಇಳಿಯುತ್ತಿರಲಿಲ್ಲ. ಆಗ ಸುತ್ತಲಿನ ಕಲ್ಲು ಪೇರಿಸಿ ಮೋಟುಗೋಡೆ ಕಟ್ಟಿ ಅದರ ಹಿಂದೆ ಮಲಗುವುದು. ಶೆಲ್ಲು ಹತ್ತಿರ ಬಿದ್ದರೆ ಆ ಕಲ್ಲುಗಳೇ ಚೂರಾಗಿ ಮೈಗೆ ಹೊಕ್ಕುತ್ತಿದ್ದವು.

ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತಿತ್ತು. ಚಳಿಗಾಲದ ರಾತ್ರಿ ದಪ್ಪ ಕೋಟಿನೊಳಗೂ ಮೈ ನಡುಗುತ್ತಿತ್ತು. ವಸಂತದಲ್ಲಿ ದಕ್ಷಿಣದಿಂದ ಖಮ್ಸಿನ್ ಎಂಬ ಬಿಸಿಗಾಳಿ ಏಳುತ್ತಿತ್ತು. ದಿಗಂತದಲ್ಲಿ ಕಂದು ಬಣ್ಣದ ಗೋಡೆಯೊಂದು ಎದ್ದು ನಡೆದು ಬರುತ್ತದೆ, ಐದು ನಿಮಿಷದಲ್ಲಿ ಮುಂದೆ ನಿಂತವನ ಬೆನ್ನು ಕಾಣಿಸುವುದಿಲ್ಲ. ಕಣ್ಣು, ಮೂಗು, ಬಂದೂಕಿನ ನಳಿಗೆ, ಗಡಿಯಾರ, ಹಿಟ್ಟಿನ ಚೀಲ, ಎಲ್ಲದರಲ್ಲೂ ಧೂಳು. ಅದು ಎಂಜಿನ್‌ಗಳನ್ನು ತಿಂದುಹಾಕುತ್ತಿತ್ತು. ಶತ್ರುವಿಗೆ ಸುಳಿವನ್ನೂ ಕೊಡುತ್ತಿತ್ತು, ಏಕೆಂದರೆ ಒಂದೇ ಒಂದು ಲಾರಿ ಹೊರಟರೂ ಅದರ ಹಿಂದೆ ಏಳುವ ಧೂಳಿನ ಬಾಲ ಎಷ್ಟೋ ದೂರಕ್ಕೆ ಕಾಣುತ್ತಿತ್ತು.

ಆ ಯುದ್ಧದಲ್ಲಿದ್ದವರ ನೆನಪುಗಳಲ್ಲಿ ಬಾಂಬಿಗಿಂತ ಹೆಚ್ಚಾಗಿ ಬರುವುದು ನೊಣ. ಬಿರುಬಯಲಿನಲ್ಲಿ ಸಾವಿರಾರು ಜನ ಬಂದು ತಿಂದು, ಮಲವಿಸರ್ಜನೆ ಮಾಡಿ, ಹೆಣಗಳನ್ನು ಆಳವಿಲ್ಲದ ಗುಂಡಿಗಳಲ್ಲಿ ಹೂತರೆ ನೊಣಗಳಿಗೆ ಬೇರೇನು ಬೇಕು? ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಕಪ್ಪಾಗಿರುತ್ತಿತ್ತು. ತರಚುಗಾಯವಾದರೂ ಅದರ ಮೇಲೆ ಕೂತು ಕೀವು ತರುತ್ತಿದ್ದವು. ತರಕಾರಿ ಹಣ್ಣುಗಳಿಲ್ಲದ ಊಟ, ನೀರಿಲ್ಲದ ಮೈ. ಗಾಯ ವಾರಗಟ್ಟಲೆ ಮಾಗುತ್ತಿರಲಿಲ್ಲ. ಆ ಹುಣ್ಣುಗಳಿಗೆ ಸೈನ್ಯದಲ್ಲಿ ಮರುಭೂಮಿ ಹುಣ್ಣು ಎಂದೇ ಹೆಸರಿತ್ತು, ಕೈಕಾಲಿಗೆ ಬ್ಯಾಂಡೇಜು ಸುತ್ತಿಕೊಂಡೇ ಪಹರೆ ಕಾಯುವವರು ಪ್ರತಿ ತುಕಡಿಯಲ್ಲೂ ಇದ್ದರು. ಗುಂಡೇಟಿಗಿಂತ ಹೆಚ್ಚು ಜನರನ್ನು ಆಸ್ಪತ್ರೆಗೆ ಸಾಗಿಸಿದ್ದು ಆಮಶಂಕೆ, ಕಾಮಾಲೆ ಮುಂತಾದ ಕಾಯಿಲೆಗಳು. ಜರ್ಮನ್ನರ ಕಡೆ ಇದು ಇನ್ನೂ ಕೆಟ್ಟದಾಗಿತ್ತು. 1942ರ ಅಕ್ಟೋಬರ್ 23ರಂದು ಅಲಾಮೇನ್ ಕದನ ಆರಂಭವಾದಾಗ ಸ್ವತಃ ರೊಮೆಲ್ ಅನಾರೋಗ್ಯದ ರಜೆಯ ಮೇಲೆ ಯುರೋಪಿನಲ್ಲಿದ್ದರು. ಪಾಯಿಖಾನೆಯನ್ನು ಆಳವಾಗಿ ತೋಡಿ ಮುಚ್ಚಳ ಹಾಕಿಸುವ ಹಠ ಹಿಡಿದ ಹವಾಲ್ದಾರನೊಬ್ಬ ತನ್ನ ಜನರ ಪ್ರಾಣವನ್ನು ಫಿರಂಗಿಯಷ್ಟೇ ಗಟ್ಟಿಯಾಗಿ ಕಾಪಾಡಿದ ಎಂದು ಧೈರ್ಯವಾಗಿ ಹೇಳಬಹುದು. ಅಂಥವರಿಗೆ ಪದಕ ಇರಲಿಲ್ಲ.

ಊಟದ ವಿಷಯಕ್ಕೆ ಬಂದರೆ ಬ್ರಿಟಿಷ್ ಸೈನಿಕನ ಪಾಲಿಗೆ ಡಬ್ಬಿಯ ಗೋಮಾಂಸ ಮತ್ತು ಹಲ್ಲು ಮುರಿಯುವ ಬಿಸ್ಕತ್ತು, ತಿಂಗಳ ಮೇಲೆ ತಿಂಗಳು. ಬಿಸಿಲಿಗೆ ಡಬ್ಬಿಯೊಳಗಿನ ಕೊಬ್ಬು ಕರಗಿ ಎಣ್ಣೆಯಂತೆ ಹರಿಯುತ್ತಿತ್ತು. ಭಾರತೀಯ ಪಲ್ಟನ್‌ಗಳಿಗೆ ಬೇರೆಯೇ ಪಡಿತರ: ಗೋಧಿ ಹಿಟ್ಟು, ಬೇಳೆ, ತುಪ್ಪ, ಸಕ್ಕರೆ, ಚಹಾ, ಮಸಾಲೆ, ಸಿಕ್ಕಾಗ ಆಡಿನ ಮಾಂಸ. ಮುಸ್ಲಿಮರಿಗೆ ಹಲಾಲ್, ಹಿಂದೂಗಳಿಗೂ ಸಿಖ್ಖರಿಗೂ ಝಟ್ಕಾ. ಡಬ್ಬಿ ಒಡೆದು ತಿನ್ನುವ ಸೌಕರ್ಯ ಇವರಿಗಿರಲಿಲ್ಲ. ಹಿಟ್ಟು ಕಲಸಲು ನೀರು ಬೇಕು, ಬೇಳೆ ಬೇಯಲು ಇನ್ನೂ ಹೆಚ್ಚು ನೀರು ಬೇಕು, ಎರಡಕ್ಕೂ ಬೆಂಕಿ ಬೇಕು. ಬೆಂಕಿಯ ಹೊಗೆ ಕಂಡರೆ ಶೆಲ್ಲು ಬೀಳುತ್ತದೆ. ಆದ್ದರಿಂದ ಹಿಂದಿನ ಸಾಲಿನಲ್ಲಿ ಚಪಾತಿ ಸುಟ್ಟು, ಕತ್ತಲಾದ ಮೇಲೆ ಮುಂದಿನ ಗುಂಡಿಗಳಿಗೆ ಹೊತ್ತು ತರುವ ಕೆಲಸ ಲಂಗರಿನ, ಅಂದರೆ ಅಡುಗೆಮನೆಯ, ಜನರದು. ತಣ್ಣಗಾಗಿ ಚಕ್ಕಳದಂತಾದ, ಕಚ್ಚಿದರೆ ಮರಳು ಕಟುಂ ಎನ್ನುವ ಚಪಾತಿಗಾಗಿ ಹಗಲಿಡೀ ಕಾಯುತ್ತಿದ್ದವರನ್ನು, ಆ ಚಪಾತಿ ತರುವಾಗ ದಾರಿ ತಪ್ಪಿ ಶತ್ರುವಿನ ಕೈಗೆ ಸಿಕ್ಕವರನ್ನು ಯಾವ ಯುದ್ಧಚಿತ್ರವೂ ತೋರಿಸಿಲ್ಲ.

ಚಹಾ ಮಾತ್ರ ಎಲ್ಲರಿಗೂ ಸಮಾನ. ಖಾಲಿ ಪೆಟ್ರೋಲ್ ಡಬ್ಬವನ್ನು ಅಡ್ಡಕ್ಕೆ ಕತ್ತರಿಸಿ, ಅರ್ಧಕ್ಕೆ ಮರಳು ತುಂಬಿ, ಮೇಲೆ ಪೆಟ್ರೋಲ್ ಸುರಿದು ಕಡ್ಡಿ ಗೀರಿದರೆ ಒಲೆ ಸಿದ್ಧ. ಉಳಿದರ್ಧದಲ್ಲಿ ನೀರು, ಚಹಾಪುಡಿ, ಸಕ್ಕರೆ, ಡಬ್ಬಿಹಾಲು. ಲಿಬಿಯಾದ ಬಂದರು ಟೊಬ್ರುಕ್‌ನ ಬಾವಿಗಳ ಉಪ್ಪುನೀರಿಗೆ ಹಾಲು ಹಾಕಿದರೆ ಒಡೆದು ಗಂಟುಗಂಟಾಗುತ್ತಿತ್ತು, ಆದರೂ ಕುಡಿದರು.

ಆ ಪೆಟ್ರೋಲ್ ಡಬ್ಬದ್ದೇ ಒಂದು ಕಥೆ. ಬ್ರಿಟಿಷರ ನಾಲ್ಕು ಗ್ಯಾಲನ್ನಿನ ಡಬ್ಬ ತೆಳುತಗಡಿನದು, ಕಲ್ಲುದಾರಿಯ ಕುಲುಕಾಟಕ್ಕೆ ಬೆಸುಗೆ ಬಿಟ್ಟು ಸೋರುತ್ತಿತ್ತು. ದೂರದ ಬಂದರಿನಿಂದ ಹೊರಟ ಪೆಟ್ರೋಲಿನ ದೊಡ್ಡ ಪಾಲು ದಾರಿಯಲ್ಲೇ ಆವಿಯಾಗುತ್ತಿತ್ತು. ಜರ್ಮನ್ನರ ಬಳಿ 20 ಲೀಟರಿನ ಒತ್ತುಕ್ಕಿನ ಕ್ಯಾನ್ ಇತ್ತು: ಮೇಲೆ ಮೂರು ಹಿಡಿಗಳು, ಬಿಗಿಯಾದ ಮುಚ್ಚಳ, ನೀರಿನದಾದರೆ ಬಿಳಿ ಶಿಲುಬೆಯ ಗುರುತು. ಶತ್ರುವಿನ ಲಾರಿ ಸಿಕ್ಕರೆ ಸಿಪಾಯಿಗಳು ಮೊದಲು ಹುಡುಕುತ್ತಿದ್ದದ್ದು ಅದನ್ನೇ. ಕೊನೆಗೆ ಬ್ರಿಟನ್ ಮತ್ತು ಅಮೆರಿಕ ಅದೇ ಮಾದರಿಯಲ್ಲಿ ತಾವೂ ತಯಾರಿಸಿದವು. ಇಂದಿಗೂ ನಮ್ಮ ಸೇನೆಯ ಜೀಪುಗಳ ಹಿಂದೆ ಕಟ್ಟಿರುವ ಜೆರಿಕ್ಯಾನ್ ಅದರ ವಂಶದ್ದೇ.

ದಿನಚರಿ ಬೆಳಕು ಹರಿಯುವ ಮುಂಚೆ ಶುರು. ದಾಳಿಗಳು ಹೆಚ್ಚಾಗಿ ನಸುಕಿನಲ್ಲಿ ಬರುವುದರಿಂದ ಎಲ್ಲರೂ ಬಂದೂಕು ಹಿಡಿದು ಗುಂಡಿಗಳಲ್ಲಿ ನಿಲ್ಲಬೇಕು. ಸೂರ್ಯ ಮೇಲೇರಿದಂತೆ ಬಯಲೆಲ್ಲ ಬಿಸಿಲುಗುದುರೆ ಕುಣಿಯತೊಡಗುತ್ತದೆ. ಪೊದೆ ಟ್ಯಾಂಕಿನಂತೆ ಕಾಣುತ್ತದೆ, ಟ್ಯಾಂಕು ಗಾಳಿಯಲ್ಲಿ ತೇಲುತ್ತದೆ, ಗುರಿ ಹಿಡಿಯುವುದೇ ಆಗುವುದಿಲ್ಲ. ಹಾಗಾಗಿ ನಡುಹಗಲಲ್ಲಿ ಎರಡೂ ಕಡೆಯವರು ಬಿದ್ದುಕೊಂಡಿರುತ್ತಿದ್ದರು. ಇಳಿಹೊತ್ತಿಗೆ ಮತ್ತೆ ಫಿರಂಗಿ. ರಾತ್ರಿಯಾದರೆ ಕಾಲಾಳಿಗೆ ಗಸ್ತು, ಮುಳ್ಳುತಂತಿ ಬಿಗಿಯುವುದು, ಹೆಣ ಹೂಳುವುದು. ಟ್ಯಾಂಕಿನವರು ಕತ್ತಲಲ್ಲಿ ಒಂದೆಡೆ ಸೇರಿ, ಪೆಟ್ರೋಲ್ ತುಂಬಿ, ಮದ್ದುಗುಂಡು ಏರಿಸಿ, ಎಂಜಿನ್ ನೋಡಿಕೊಂಡು ಮುಗಿಸುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತಿತ್ತು. ನಿದ್ದೆ ಮೂರ್ನಾಲ್ಕು ಗಂಟೆ. ಹೀಗೆ ವಾರಗಟ್ಟಲೆ ನಡೆದಾಗ ಜನ ನಿಂತಲ್ಲೇ ನಿದ್ದೆ ಹೋಗುತ್ತಿದ್ದರು, ತಮ್ಮವರ ಮೇಲೆಯೇ ಗುಂಡು ಹಾರಿಸುತ್ತಿದ್ದರು.

ದಾರಿ ತಪ್ಪುವ ಭಯ ಯಾವಾಗಲೂ ಇತ್ತು. ನಕಾಶೆಯಲ್ಲಿ ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವೆ ಬರಿ ಖಾಲಿ ಕಾಗದ. ಹೆಸರಿದ್ದ ಊರುಗಳು ಊರುಗಳೇ ಅಲ್ಲ. ಬಿರ್ ಎಂದು ಶುರುವಾಗುವ ಹೆಸರುಗಳೆಲ್ಲ ಬಾವಿಗಳು ಅಥವಾ ಮಳೆನೀರಿನ ತೊಟ್ಟಿಗಳು, ಕೆಲವಂತೂ ರೋಮನ್ನರ ಕಾಲದವು. ಗುರುತಿಗೆ ಇದ್ದದ್ದು ಕಲ್ಲುಗುಪ್ಪೆ, ತುಕ್ಕು ಹಿಡಿದ ಪೀಪಾಯಿ, ಸುಟ್ಟ ಲಾರಿ. ಉಕ್ಕಿನ ವಾಹನದೊಳಗೆ ಸಾಮಾನ್ಯ ದಿಕ್ಸೂಚಿ ತಪ್ಪು ತೋರಿಸುವುದರಿಂದ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಅಧಿಕಾರಿ ರೂಪಿಸಿದ್ದ, ನೆರಳು ನೋಡಿ ದಿಕ್ಕು ಹಿಡಿಯುವ ಸೂರ್ಯದಿಕ್ಸೂಚಿ ಬಳಕೆಗೆ ಬಂತು. ಬ್ಯಾಗ್ನಾಲ್ಡ್ 1940ರಲ್ಲಿ ಕಟ್ಟಿದ, ಶತ್ರುವಿನ ಬೆನ್ನ ಹಿಂದೆ ಒಳಮರುಭೂಮಿಯಲ್ಲಿ ಸುತ್ತುವ ದಳದ ಮಾದರಿಯಲ್ಲೇ ಭಾರತೀಯರದ್ದೂ ಒಂದು ದಳ ಹುಟ್ಟಿತು.

ಕರ್ನಾಟಕದ ನೆಲಕ್ಕೂ ಆ ಮರುಭೂಮಿಗೂ ಇರುವ ನಂಟು ಹಳೆಯದು. ಮೊದಲ ಮಹಾಯುದ್ಧದಲ್ಲೇ ಮೈಸೂರು ಸಂಸ್ಥಾನದ ಅಶ್ವದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದಿತ್ತು, 1918ರಲ್ಲಿ ಹೈಫಾದಲ್ಲಿ ಹೋರಾಡಿತ್ತು. ಎರಡನೆಯ ಯುದ್ಧದಲ್ಲಿ ಈ ನಂಟು ಇನ್ನಷ್ಟು ಹರಡಿತು. ಬೆಂಗಳೂರಿನಲ್ಲಿ ಕೇಂದ್ರವಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ದಳದ ಕಂಪನಿಗಳು 4ನೇ ಡಿವಿಷನ್ನಿನ ಜೊತೆಗಿದ್ದವು. ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಲೈಟ್ ಇನ್‌ಫೆಂಟ್ರಿಯ ಪಲ್ಟನ್ನೂ ಇತ್ತು. ಬೆಂಗಳೂರಿನ ಹೆಸರನ್ನು ಜಗತ್ತಿನ ಸೈನ್ಯಗಳಿಗೆಲ್ಲ ಪರಿಚಯಿಸಿದ್ದು ಒಂದು ಕೊಳವೆ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಮೆಕ್ಲಿಂಟಾಕ್ ಎಂಬ ಅಧಿಕಾರಿ ಇಲ್ಲಿ ರೂಪಿಸಿದ ಬೆಂಗಳೂರು ಟಾರ್ಪೀಡೊ: ಸ್ಫೋಟಕ ತುಂಬಿದ ಉದ್ದನೆಯ ಕೊಳವೆ, ಒಂದಕ್ಕೊಂದು ಜೋಡಿಸುತ್ತಾ ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ದಾರಿ ತೆರೆಯುತ್ತದೆ. 1941ರ ಜನವರಿ 3ರ ನಸುಕಿನಲ್ಲಿ ಲಿಬಿಯಾದ ಬಾರ್ದಿಯಾ ಕೋಟೆಯ ತಂತಿಬೇಲಿಯನ್ನು ಆಸ್ಟ್ರೇಲಿಯದ ಸೈನಿಕರು ಸಿಡಿಸಿ ತೆರೆದದ್ದು ಅದರಿಂದಲೇ.

ಮರುಭೂಮಿಯ ಯುದ್ಧದಲ್ಲಿ ಅತಿ ಕಠಿಣ ಕೆಲಸ ಯಾರದು ಎಂದು ಕೇಳಿದರೆ ಸ್ಯಾಪರನದು ಎನ್ನದೆ ಬೇರೆ ದಾರಿಯಿಲ್ಲ. ಅಡಗಲು ಬೆಟ್ಟವಿಲ್ಲ, ಕಾಡಿಲ್ಲ, ನದಿಯಿಲ್ಲ. ಆದ್ದರಿಂದ ಎರಡೂ ಕಡೆಯವರು ನೆಲಬಾಂಬುಗಳಿಂದಲೇ ಗೋಡೆ ಕಟ್ಟಿಕೊಂಡರು. ಅಲಾಮೇನ್‌ನಲ್ಲಿ ಸಮುದ್ರದಿಂದ ಕತ್ತಾರಾ ತಗ್ಗಿನವರೆಗಿನ ಸುಮಾರು 60 ಕಿಲೋಮೀಟರ್ ಸಾಲಿನಲ್ಲಿ ಜರ್ಮನ್ನರೂ ಇಟಲಿಯವರೂ ನಾಲ್ಕು ಲಕ್ಷಕ್ಕೂ ಮೀರಿ ನೆಲಬಾಂಬು ಹೂತಿದ್ದರು. ಟ್ಯಾಂಕಿಗೆಂದು ಇಟ್ಟವು ಮನುಷ್ಯನ ತೂಕಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಅವುಗಳ ನಡುವೆ ಮನುಷ್ಯರಿಗೆಂದೇ ಬೇರೆ ಜಾತಿಯವು. ಮೂರು ಕಡ್ಡಿಗಳಷ್ಟೇ ನೆಲದ ಮೇಲೆ ಕಾಣುವ ಒಂದು ಬಗೆಯದನ್ನು ಮೆಟ್ಟಿದರೆ ಅದು ಮೊದಲು ಸೊಂಟದೆತ್ತರಕ್ಕೆ ನೆಗೆದು ಅಲ್ಲಿ ಸಿಡಿದು ಸುತ್ತಲೂ ಗುಂಡು ಚೆಲ್ಲುತ್ತಿತ್ತು.

ಇವುಗಳನ್ನು ತೆಗೆಯುವ ಹಳೆಯ ಕ್ರಮ ಹೀಗೆ. ಹೊಟ್ಟೆಯ ಮೇಲೆ ಮಲಗಿ, ಬಯೊನೆಟ್ಟನ್ನು ಓರೆಯಾಗಿ ಹಿಡಿದು, ಅಂಗುಲ ಅಂಗುಲವಾಗಿ ನೆಲ ಚುಚ್ಚುತ್ತಾ ಹೋಗುವುದು. ಲೋಹ ತಾಗಿತೋ, ಬೆರಳಿಂದ ಮಣ್ಣು ಸರಿಸಿ, ಕೆಳಗೆ ಇನ್ನೊಂದು ತಂತಿ ಕಟ್ಟಿದ್ದಾರೆಯೇ ಎಂದು ತಡವಿ ನೋಡುವುದು. ಪೋಲೆಂಡಿನ ಯೋಜೆಫ್ ಕೊಸಾತ್ಸ್ಕಿ ಎಂಬ ಎಂಜಿನಿಯರ್ ರೂಪಿಸಿದ್ದ, ಕಿವಿಗೆ ಸದ್ದು ಕೇಳಿಸುವ ಶೋಧಕ ಯಂತ್ರಗಳು ಸುಮಾರು 500 ಅಲಾಮೇನ್‌ಗೆ ಬಂದವು. ಆದರೆ ಅದನ್ನು ಹಿಡಿದವನು ಎದ್ದುನಿಂತು ನಡೆಯಬೇಕು. ಅಕ್ಟೋಬರ್ 23ರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಸುಮಾರು 900 ಫಿರಂಗಿಗಳು ಒಟ್ಟಿಗೆ ಗರ್ಜಿಸಿದವು, ಹುಣ್ಣಿಮೆಯ ಬೆಳಕಿತ್ತು. ಆ ಬೆಳಕಿನಲ್ಲಿ ಎಲ್ಲರಿಗಿಂತ ಮುಂದೆ, ಹಿಂದೆ ನಿಂತ ಟ್ಯಾಂಕುಗಳ ಸಾಲಿಗಾಗಿ ಬಿಳಿ ಪಟ್ಟಿ ಹಾಸುತ್ತಾ, ದೀಪ ನೆಡುತ್ತಾ ಸ್ಯಾಪರುಗಳು ನಡೆದರು. ಇಯರ್‌ಫೋನ್ ಹಾಕಿಕೊಂಡವನಿಗೆ ತನ್ನತ್ತ ಬರುವ ಗುಂಡಿನ ಸದ್ದೂ ಸರಿಯಾಗಿ ಕೇಳದು.

ಆ ನೆಲಬಾಂಬುಗಳು ಯುದ್ಧದ ಜೊತೆ ಮುಗಿಯಲಿಲ್ಲ. ಈಜಿಪ್ಟಿನ ವಾಯವ್ಯ ಮರುಭೂಮಿಯಲ್ಲಿ ನೆಲಬಾಂಬು, ಸಿಡಿಯದ ಶೆಲ್ಲುಗಳೆಲ್ಲ ಸೇರಿ ಸುಮಾರು 1 ಕೋಟಿ 70 ಲಕ್ಷ ಉಳಿದಿದ್ದವೆಂದು ಅಲ್ಲಿನ ಸರ್ಕಾರ ಅಂದಾಜು ಮಾಡಿತ್ತು. ಗಾಳಿಗೆ ಮರಳು ಸರಿದು ಹಳೆಯ ನಕಾಶೆಗಳು ಕೆಲಸಕ್ಕೆ ಬಾರದಾದವು. ಆ ಯುದ್ಧದಲ್ಲಿ ಯಾರ ಪಕ್ಷವನ್ನೂ ಕೇಳಿಕೊಂಡು ಸೇರದ ಬೆದುಯಿನ್ ಕುರಿಗಾಹಿಗಳ ಮಕ್ಕಳು, ಮೊಮ್ಮಕ್ಕಳು ಕಾಲು ಕಳೆದುಕೊಂಡರು. ಇದನ್ನು ತಿಳಿದವರು ಉತ್ತರ ಆಫ್ರಿಕಾದ ಕಾಳಗವನ್ನು ಸಭ್ಯರ ಯುದ್ಧ, ದ್ವೇಷವಿಲ್ಲದ ಯುದ್ಧ ಎಂದು ಹೊಗಳುವುದನ್ನು ಒಪ್ಪುವುದು ಕಷ್ಟ. ಕೈದಿಗೆ ನೀರು ಕೊಟ್ಟವರು ಎರಡೂ ಕಡೆ ಇದ್ದರು, ನಿಜ. ಬೆಲ್‌ಗ್ರೇಡ್ ರೇಡಿಯೊದಿಂದ ರಾತ್ರಿ ಹತ್ತರ ಸುಮಾರಿಗೆ ಬರುತ್ತಿದ್ದ ‘ಲಿಲಿ ಮಾರ್ಲೀನ್’ ಹಾಡನ್ನು ಎರಡೂ ಕಡೆಯವರು ಕಿವಿಗೊಟ್ಟು ಕೇಳಿದ್ದೂ ನಿಜ. ಆದರೆ ಉರಿಯುವ ಟ್ಯಾಂಕಿನ ಬಾಗಿಲು ಬಿಗಿದುಕೊಂಡು ಒಳಗೇ ಬೆಂದವರ ಸಾವಿನಲ್ಲಿ ಸಭ್ಯತೆ ಎಲ್ಲಿಂದ ಬರಬೇಕು?

ಬೆಳಗಾವಿಯ ಕೇಂದ್ರದಿಂದ ಬಂದ ಮರಾಠಾ ಪಲ್ಟನ್ನು ಅಲಾಮೇನ್ ಕದನಕ್ಕೆ ಮುಂಚೆಯೇ ಸೆರೆ ಸಿಕ್ಕಿತ್ತು. ಅದು 11ನೇ ಭಾರತೀಯ ಬ್ರಿಗೇಡಿನ ಜೊತೆ ಟೊಬ್ರುಕ್ ಕಾಯುತ್ತಿತ್ತು. ಹಿಂದಿನ ವರ್ಷ ಎಂಟು ತಿಂಗಳ ಮುತ್ತಿಗೆಯನ್ನು ತಡೆದುಕೊಂಡಿದ್ದ ಆ ಬಂದರು 1942ರ ಜೂನ್ 21ರಂದು ರೊಮೆಲ್‌ನ ಕೈಸೇರಿತು. ಸುಮಾರು 33,000 ಜನ ಒಂದೇ ದಿನ ಸೆರೆಯಾದರು. ಮೊದಲು ಬಿಸಿಲಲ್ಲಿ ತಂತಿಬೇಲಿಯ ಬಯಲು, ನಂತರ ಲಾರಿಗಳಲ್ಲಿ ಬೆಂಗಾಜಿ, ಅಲ್ಲಿಂದ ಹಡಗಿನಲ್ಲಿ ಇಟಲಿ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯರ ನಡುವಿನಿಂದಲೇ ಸುಭಾಷ್‌ಚಂದ್ರ ಬೋಸರು ಜರ್ಮನಿಯ ಅನ್ನಾಬುರ್ಗ್ ಶಿಬಿರದಲ್ಲಿ ಆಜಾದ್ ಹಿಂದ್ ದಳ ಕಟ್ಟಿದರು. ಸುಮಾರು 3,000 ಜನ ಸೇರಿದರು, ಸಾವಿರಾರು ಜನ ಒಲ್ಲೆ ಎಂದರು. ಕುಟುಂಬಕ್ಕೆ ಬರುವ ಸಂಬಳ, ಪಲ್ಟನ್ನಿನ ಆಣೆ, ದೇಶದ ಸ್ವಾತಂತ್ರ್ಯ, ಇವುಗಳ ನಡುವೆ ಒಬ್ಬ ಹಳ್ಳಿಯ ಹುಡುಗ ಪರದೇಶದ ತಂತಿಬೇಲಿಯೊಳಗೆ ನಿಂತು ಮಾಡಿದ ಆಯ್ಕೆಯನ್ನು ಎರಡೂ ಕಡೆ ಗೌರವಿಸಬೇಕಾಗುತ್ತದೆ. ಅತ್ತ, 1940-41ರ ಚಳಿಗಾಲದಲ್ಲಿ ಸೆರೆಸಿಕ್ಕ ಸುಮಾರು 1,30,000 ಇಟಲಿ ಸೈನಿಕರಲ್ಲಿ ಸಾವಿರಾರು ಜನರನ್ನು ಭಾರತಕ್ಕೆ ಸಾಗಿಸಲಾಯಿತು. ಲಿಬಿಯಾದ ಧೂಳಿನಲ್ಲಿ ಕೈ ಎತ್ತಿದವರು ಯುದ್ಧದ ಉಳಿದ ವರ್ಷಗಳನ್ನು ಬೆಂಗಳೂರಿನ ಜಾಲಹಳ್ಳಿಯಂಥ ಕಡೆ ಶಿಬಿರಗಳಲ್ಲಿ ಕಳೆದರು.

ಭಾರತೀಯ ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 20 ರೂಪಾಯಿಗೂ ಕಡಿಮೆ. ಪಕ್ಕದ ಗುಂಡಿಯಲ್ಲಿ ಅದೇ ಶೆಲ್ಲಿಗೆ ತಲೆಯೊಡ್ಡಿದ್ದ ಬ್ರಿಟಿಷ್ ಸೈನಿಕನದು ಅದರ ಎರಡರಷ್ಟಕ್ಕಿಂತ ಹೆಚ್ಚು. ಆದರೂ ಊರಿನ ಲೆಕ್ಕದಲ್ಲಿ ಆ ದುಡ್ಡು ದೊಡ್ಡದು. 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಸೇನೆ ಯುದ್ಧ ಮುಗಿಯುವಾಗ 25 ಲಕ್ಷಕ್ಕೆ ಬೆಳೆಯಲು ಹಸಿವು, ಸಾಲ, ಮನೆತನದ ವಾಡಿಕೆ ಎಲ್ಲವೂ ಕಾರಣ. ಭಾರತದ ನಾಯಕರನ್ನು ಒಂದು ಮಾತೂ ಕೇಳದೆ ವೈಸ್‌ರಾಯ್ ಯುದ್ಧ ಘೋಷಿಸಿದ್ದರು. ಈ ಸಿಪಾಯಿಗಳು ರುವೈಸಾತ್ ದಿಣ್ಣೆ ಕಾಯುತ್ತಿದ್ದ 1942ರಲ್ಲೇ ಊರುಗಳಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಕೊಂಡಿತ್ತು. ಕಾಗದ ಬರೆಯಲು ಬಾರದವರು ಬಲ್ಲವರಿಂದ ಬರೆಸುತ್ತಿದ್ದರು, ಸೆನ್ಸಾರ್ ಅಧಿಕಾರಿಗಳು ಓದಿ ವರದಿ ಮಾಡುತ್ತಿದ್ದರು. ಆ ವರದಿಗಳು ಇಂದಿಗೂ ಲಂಡನ್ನಿನಲ್ಲಿವೆ. ರಣರಂಗದ ವರ್ಣನೆಗಿಂತ ಅವುಗಳಲ್ಲಿ ತುಂಬಿರುವುದು ಮನೆಯ ಚಿಂತೆ: ಜಮೀನಿನ ವ್ಯಾಜ್ಯ, ಹೆಂಡತಿಗೆ ಮನಿಯಾರ್ಡರ್ ತಲುಪಿತೋ ಇಲ್ಲವೋ, ಗೋಧಿ ಅಕ್ಕಿಯ ಏರುವ ಬೆಲೆ. 1943ರ ಹೊತ್ತಿಗೆ ತಾನು ಇಲ್ಲಿ ತುಪ್ಪ ಬೇಳೆ ತಿನ್ನುವಾಗ ಮನೆಯವರು ಉಪವಾಸವಿದ್ದಾರೆ ಎಂಬ ಸಂಕಟ ಆ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಅಲಾಮೇನ್ ಗೆದ್ದ ಮೇಲೆ 4ನೇ ಡಿವಿಷನ್ನಿಗೆ ಸಿಕ್ಕ ಕೆಲಸ ರಣಭೂಮಿಯಲ್ಲಿ ಬಿದ್ದ ಗುಜರಿ ಹೆಕ್ಕುವುದು. ಮೊದಲ ಗೆಲುವು ತಂದವರಿಗೆ ಇದು ಅವಮಾನವೇ ಸರಿ, ಅವರ ದಂಡನಾಯಕ ಟ್ಯೂಕರ್ ಅದನ್ನು ಮರೆಯಲಿಲ್ಲ. ಬ್ರಿಟಿಷರ ಕಡೆಯಿಂದ ಸತ್ತವರಲ್ಲಿ 7,000ಕ್ಕೂ ಹೆಚ್ಚು ಜನ ಅಲಾಮೇನ್ ಸ್ಮಶಾನದಲ್ಲಿದ್ದಾರೆ. ಅದರ ಆಗ್ನೇಯ ಮೂಲೆಯಲ್ಲಿ, ಈಜಿಪ್ಟ್ ಲಿಬಿಯಾಗಳಲ್ಲಿ ತಮ್ಮ ಧರ್ಮದಂತೆ ದಹನವಾದ 600ಕ್ಕೂ ಹೆಚ್ಚು ಮಂದಿಯ ನೆನಪಿಗೆ ಬೇರೆಯದೇ ಸ್ಮಾರಕವಿದೆ. ಸೌದೆಯೇ ಇಲ್ಲದ ನಾಡಿನಲ್ಲಿ ಜೊತೆಗಾರನ ಚಿತೆಗೆ ಕಟ್ಟಿಗೆ ಹೊಂದಿಸುವುದೂ ಸಿಪಾಯಿಯ ಕೆಲಸಗಳಲ್ಲೊಂದಾಗಿತ್ತು.

ಮತ್ತೆ ಮುಂಚೂಣಿಗೆ ಬಂದ ಡಿವಿಷನ್ 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದ ಬೆಟ್ಟಗಳನ್ನು ಏರಿತು. ರಜಪುತಾನಾ ರೈಫಲ್ಸ್‌ನ ಹವಾಲ್ದಾರ್ ಮೇಜರ್ ಛೇಲು ರಾಮ್ ಅಲ್ಲಿ ಗಾಯಗೊಂಡೂ ಜನರನ್ನು ಮುನ್ನಡೆಸಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದರು. ಮೇ 12ರಂದು ಜರ್ಮನ್ ಸೇನೆಗಳ ದಂಡನಾಯಕ ಫಾನ್ ಆರ್ನಿಮ್ ಶರಣಾದದ್ದು ಈ ಡಿವಿಷನ್ನಿಗೇ. ಸಿಪಾಯಿಗಳು ಮನೆಗೆ ಹೋಗುವ ಹಡಗಿನ ಮಾತಾಡತೊಡಗಿದರು. ಬಂದದ್ದು ಇಟಲಿಗೆ ಹೋಗುವ ಆದೇಶ. ಅಲ್ಲಿ ಕೆಸರು, ಹಿಮ, ಮತ್ತು ಅದೇ ನೆಲಬಾಂಬು. 1944ರ ಫೆಬ್ರವರಿಯಲ್ಲಿ, ಟ್ಯುನೀಷಿಯಾದ ಯುದ್ಧ ಮುಗಿದ ಒಂಬತ್ತು ತಿಂಗಳಿಗೆ, ಕಸೀನೊ ಹತ್ತಿರದ ಮಿನ್ಯಾನೊದಲ್ಲಿ ಸ್ಯಾಪರನೊಬ್ಬ ನೆಲಬಾಂಬು ಮೆಟ್ಟಿದ. ಸಿಡಿಯಲು ಇದ್ದದ್ದು ಕೆಲವೇ ಕ್ಷಣ. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯನ್ ಅದರ ಮೇಲೆ ತಾವೇ ಬಿದ್ದು ಸುತ್ತಲಿದ್ದವರನ್ನು ಉಳಿಸಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂತು. ಅವರ ಕಂಪನಿಯ ಉಳಿದವರು ನೆಲಬಾಂಬು ತೆಗೆಯುವ ಕೆಲಸ ಮುಂದುವರಿಸಿದರು.